ಗ್ಯಾರೇಜಲ್ಲಿ ಏನು ಮಾಡ್ತಿದ್ರು ಮಿಸ್?

ಮಾರ್ಚ್ 8 ಬಂತೆಂದರೆ ನಮ್ಮ ಕಾಲೇಜಿನಲ್ಲಿ ಮಹಿಳಾ ದಿನದ ಕಾರ್ಯಕ್ರಮ ಇದ್ದೇ ಇರುತ್ತದೆ. ನಾನು ಪಾಠ ಮಾಡುವುದು ಮೈಕ್ರೋಬಯಾಲಜಿ. ಹಾಗಾಗಿ ಬಯೋಕಾನ್ ಎಂಬ ಔಷಧ ಕಂಪನಿ ಕಟ್ಟಿದ ಕಿರಣ್ ಮಜುಂದಾರ್ ಷಾ ಬಗ್ಗೆ ಹತ್ತು ನಿಮಿಷ ಮಾತಾಡುವ ಕೆಲಸ ಪ್ರತಿ ವರ್ಷ ನನ್ನ ಪಾಲಿಗೇ ಬರುತ್ತದೆ. ಮಾತು ಬಾಯಿಪಾಠ ಆಗಿಹೋಗಿದೆ. 1978, ಬೆಂಗಳೂರು, ಬಾಡಿಗೆ ಮನೆಯ ಗ್ಯಾರೇಜು, 10,000 ರೂಪಾಯಿ ಬಂಡವಾಳ, 25 ವರ್ಷದ ಹುಡುಗಿ. ಸಾಲ ಕೊಡಲು ಬ್ಯಾಂಕಿನವರು ಹಿಂದೇಟು ಹಾಕಿದ್ದು, ಹೆಂಗಸಿನ ಕೈಕೆಳಗೆ ದುಡಿಯಲು ಜನ ಒಪ್ಪದೇ ಇದ್ದದ್ದು. ಆಮೇಲೆ ಬಯೋಕಾನ್, ಪದ್ಮಶ್ರೀ, ಪದ್ಮಭೂಷಣ. ಇಷ್ಟು ಹೇಳಿ ಮುಗಿಸಿದರೆ ಚಪ್ಪಾಳೆ ಬೀಳುತ್ತದೆ. ಮುಂದಿನವರು ಮೈಕ್ ತೆಗೆದುಕೊಳ್ಳುತ್ತಾರೆ.

ಎರಡು ವರ್ಷದ ಹಿಂದೆ ಹೀಗೇ ಮುಗಿಸಿ ಇಳಿಯುತ್ತಿದ್ದೆ. ಕೊನೆಯ ಸಾಲಿನಿಂದ ಎರಡನೇ ವರ್ಷದ ಬಿಎಸ್ಸಿ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಗ್ಯಾರೇಜಲ್ಲಿ ಏನು ಮಾಡ್ತಿದ್ರು?" ಎಂದು ಕೇಳಿದಳು. ಎನ್‌ಝೈಮ್, ಅಂದ್ರೆ ಕಿಣ್ವ ಮಾಡ್ತಿದ್ರು ಅಂದೆ. "ಯಾವುದರಿಂದ ಮಿಸ್?" ಪರಂಗಿ ಕಾಯಿಂದ ಅಂದೆ. ಸಭೆಯಲ್ಲಿ ಒಂದಷ್ಟು ಹುಡುಗರು ನಕ್ಕರು. ಅವಳು ನಗಲಿಲ್ಲ. "ಪರಂಗಿ ಕಾಯಿಂದ ಹೇಗೆ? ಅದನ್ನ ಯಾರು ಕೊಂಡ್ಕೊಳ್ತಿದ್ರು?" ಎಂದಳು. ಅಷ್ಟರಲ್ಲಿ ಸಮಯವಾಯಿತು ಎಂದು ಸನ್ನೆ ಬಂತು. ಆಮೇಲೆ ಹೇಳ್ತೀನಿ ಕೂತ್ಕೋ ಅಂದು ಇಳಿದುಬಿಟ್ಟೆ.

ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಬಸ್ಸಿನಲ್ಲಿ ಕೂತಾಗ, ರಾತ್ರಿ ಪಾತ್ರೆ ತೊಳೆಯುವಾಗ ಅದೇ ನೆನಪು. ಅವಳು ಕೇಳಿದ್ದು ಬಹಳ ಸರಿಯಾದ ಪ್ರಶ್ನೆ. ಇಷ್ಟು ವರ್ಷ ನಾನು ಹೇಳುತ್ತಿದ್ದ ಕಥೆಯಲ್ಲಿ ಗ್ಯಾರೇಜು ಇತ್ತು, ದುಡ್ಡು ಇತ್ತು, ಧೈರ್ಯ ಇತ್ತು. ಕೆಲಸವೇ ಇರಲಿಲ್ಲ. ಯಾಕೆ ಇರಲಿಲ್ಲ ಅನ್ನುವುದೂ ನನಗೆ ಗೊತ್ತಿತ್ತು. ಆ ಕೆಲಸದ ಬಗ್ಗೆ ಹೇಳಬೇಕಾದರೆ ಬಿಯರ್ ಅನ್ನುವ ಮಾತು ಬರುತ್ತದೆ. ಹೆಣ್ಣುಮಕ್ಕಳು ಕೂತಿರುವ ಕಾಲೇಜು ವೇದಿಕೆಯಲ್ಲಿ ಅದು ಬೇಡ ಎಂದು ನಾನೇ ಬಿಟ್ಟುಬಿಡುತ್ತಿದ್ದೆ. 'ಆಸ್ಟ್ರೇಲಿಯಾದಲ್ಲಿ ಉನ್ನತ ವ್ಯಾಸಂಗ' ಅಂತ ಒಂದೇ ಮಾತಿನಲ್ಲಿ ದಾಟಿಸುತ್ತಿದ್ದೆ.

ಮಾವನ ತೋಟದ ಪರಂಗಿ

ಆ ಹುಡುಗಿಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಮೊದಲು ನೆನಪಾದದ್ದು ನನ್ನ ಸೋದರಮಾವನ ತೋಟ. ನಾನಾಗ ಐದನೇ ಕ್ಲಾಸೋ ಆರನೇ ಕ್ಲಾಸೋ. ಮಾವ ಒಂದು ಎಕರೆಗೆ ಪರಂಗಿ ಹಾಕಿದ್ದರು. ಹಣ್ಣು ಮಾರುವುದಕ್ಕಲ್ಲ, ಹಾಲಿಗೆ. ಕಾಯಿ ಬಲಿತು ಇನ್ನೂ ಹಸಿರಾಗೇ ಇರುವಾಗ ಬೆಳಗ್ಗೆ ಬಿಸಿಲು ಏರುವ ಮುಂಚೆ ಹೋಗಿ ಮೇಲಿನಿಂದ ಕೆಳಕ್ಕೆ ನಾಲ್ಕು ಗೀರು ಹಾಕಬೇಕು. ಗೀರು ಆಳ ಆಗಬಾರದು, ಸಿಪ್ಪೆ ದಾಟಿ ಒಂದಿಷ್ಟೇ ಇಳಿಯಬೇಕು. ಗೀರಿದ ಕೂಡಲೇ ಬಿಳಿ ಹಾಲು ಮುತ್ತುಮುತ್ತಾಗಿ ಕಾಣಿಸಿಕೊಂಡು ಕೆಳಗೆ ಹಿಡಿದ ಅಲ್ಯೂಮಿನಿಯಂ ತಟ್ಟೆಗೆ ತೊಟ್ಟಿಕ್ಕುತ್ತದೆ. ಸ್ವಲ್ಪ ಹೊತ್ತಿಗೆಲ್ಲಾ ಅಲ್ಲೇ ಗಟ್ಟಿಯಾಗಿ ಕಾಯಿಗೆ ಅಂಟಿಕೊಳ್ಳುತ್ತದೆ, ಅದನ್ನೂ ಕೆರೆದು ತೆಗೆಯಬೇಕು. ಮೂರು ನಾಲ್ಕು ದಿನ ಬಿಟ್ಟು ಅದೇ ಕಾಯಿಗೆ ಹಳೇ ಗೀರಿನ ಪಕ್ಕ ಮತ್ತೆ ಗೀರು.

ಚಾಕು ಮುಟ್ಟುವ ಹಾಗಿರಲಿಲ್ಲ. ಮಾವ ಬಿದಿರಿನ ಚಕ್ಕೆಯನ್ನು ಚೂಪು ಮಾಡಿ ಕೊಡುತ್ತಿದ್ದರು. ಕಬ್ಬಿಣ ತಾಗಿದರೆ ಹಾಲು ಕೆಡುತ್ತದೆ ಅನ್ನುವುದಷ್ಟೇ ಅವರಿಗೆ ಗೊತ್ತಿದ್ದದ್ದು. ಆ ಹಾಲು ಕೈಗೆ ತಾಗಿದರೆ ಉರಿಯುತ್ತಿತ್ತು. ಅತ್ತೆಯ ಬೆರಳ ತುದಿಗಳ ಚರ್ಮ ಸುಲಿದುಹೋಗಿ ಕೆಂಪಾಗಿರುತ್ತಿತ್ತು. ಸಾರು ಕಲಸಿಕೊಂಡು ಉಣ್ಣಲೂ ಆಗದೆ ಅವರು ಚಮಚ ಹಿಡಿಯುತ್ತಿದ್ದರು. ಆ ಹಾಲಿನಲ್ಲಿರುವ ಪಪೈನ್ ಪ್ರೋಟೀನನ್ನು ಕತ್ತರಿಸುವ ಕಿಣ್ವ, ನಮ್ಮ ಚರ್ಮವೂ ಪ್ರೋಟೀನೇ ಅಂತ ನಾನು ಕಲಿತದ್ದು ಹತ್ತು ವರ್ಷ ಆದಮೇಲೆ. ಕಲಿತ ದಿನ ನನಗೆ ಕಂಡದ್ದು ಅತ್ತೆಯ ಬೆರಳು.

ಒಂದು ಸಲ ಮೋಡ ಕವಿದು ನಾಲ್ಕು ದಿನ ಬಿಸಿಲೇ ಬರಲಿಲ್ಲ. ತಟ್ಟೆಯಲ್ಲಿದ್ದ ಹಾಲು ಒಣಗದೆ ಕಂದು ಬಣ್ಣಕ್ಕೆ ತಿರುಗಿತು. ವಾರಕ್ಕೊಮ್ಮೆ ಬರುತ್ತಿದ್ದ ವ್ಯಾಪಾರಿ ಒಂದು ಚೂರು ತೆಗೆದು ಬೆರಳಲ್ಲಿ ಉಜ್ಜಿ ನೋಡಿದ, ಮೂಸಿದ, "ಇದು ಸತ್ತುಹೋಗಿದೆ ಗೌಡ್ರೇ" ಎಂದು ವಾಪಸ್ ಹಾಕಿದ. ಮಾವನಿಗೆ ಅರ್ಥವಾಗಲಿಲ್ಲ. ಹಾಲು ಸಾಯುವುದು ಅಂದರೆ ಏನು? ತೂಕ ಅಷ್ಟೇ ಇದೆ, ವಾಸನೆ ಅದೇ ಇದೆ. ಕಿಣ್ವಕ್ಕೆ ಒಂದು ಆಕಾರ ಇರುತ್ತದೆ. ಗಾಳಿ, ತೇವ, ಬಿಸಿ ಹೆಚ್ಚುಕಮ್ಮಿ ಆದರೆ ಆ ಆಕಾರ ಹೋಗುತ್ತದೆ, ಅದರ ಜೊತೆ ಕೆಲಸವೂ ಹೋಗುತ್ತದೆ. ಕೆಡದಂತೆ ಕಾಯುವ ಮೆಟಾಬೈಸಲ್ಫೈಟ್ ಅನ್ನುವ ಉಪ್ಪನ್ನು ಒಂದು ಚಿಟಿಕೆ ಬೆರೆಸಿ ಐವತ್ತೈದು ಡಿಗ್ರಿ ಮೀರದ ಹಾಗೆ ಒಣಗಿಸಿದ್ದರೆ ಆ ಹಾಲು ಉಳಿಯುತ್ತಿತ್ತು. ಇದನ್ನು ಮಾವನಿಗೆ ಹೇಳುವವರು ಯಾರೂ ಇರಲಿಲ್ಲ. ಆ ವರ್ಷವೇ ಪರಂಗಿ ಕಿತ್ತು ರಾಗಿ ಹಾಕಿದರು. ಅದರ ಹಾಲು ಯಾವ ಊರಿಗೆ ಹೋಗುತ್ತಿತ್ತು, ಯಾರು ಯಾಕೆ ಕೊಳ್ಳುತ್ತಿದ್ದರು ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಕೊನೆತನಕ ತಿಳಿಯಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ. ನಮ್ಮ ಹಿತ್ತಲಲ್ಲಿ ಗಿಡ ಇತ್ತು, ಕೈಯಲ್ಲಿ ಹಾಲೂ ಇತ್ತು. ಇಲ್ಲದೇ ಇದ್ದದ್ದು ಅದನ್ನು ಸಾಯದಂತೆ ಉಳಿಸುವ ವಿದ್ಯೆ, ಮತ್ತೆ ಅದು ಯಾರಿಗೆ ಬೇಕು ಅನ್ನುವ ತಿಳಿವಳಿಕೆ. ಕಿರಣ್ ಅವರ ಬಳಿ ಈ ಎರಡೂ ಇತ್ತು. ಅದು ಅವರಿಗೆ ಎಲ್ಲಿಂದ ಬಂತು ಅನ್ನುವುದೇ ನಾನು ವೇದಿಕೆ ಮೇಲೆ ನುಂಗಿಬಿಡುತ್ತಿದ್ದ ಮಾತು.

ಮುಚ್ಚಿದ ಬಾಗಿಲು

ಅವರ ತಂದೆ ರಸೇಂದ್ರ ಮಜುಂದಾರ್ ಯುನೈಟೆಡ್ ಬ್ರೂವರೀಸ್‌ನಲ್ಲಿ ಮುಖ್ಯ ಬ್ರೂ ಮಾಸ್ಟರ್ ಆಗಿದ್ದವರು. ಬಿಯರ್ ತಯಾರಿಕೆಯ ಮೇಲ್ವಿಚಾರಣೆ ಅವರ ಕೆಲಸ. ಮಗಳು ಬೆಂಗಳೂರಲ್ಲೇ ಹುಟ್ಟಿ, ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಪ್ರಾಣಿಶಾಸ್ತ್ರದಲ್ಲಿ ಪದವಿ ಮುಗಿಸಿದಳು. ಡಾಕ್ಟರ್ ಆಗುವ ಆಸೆ ಇತ್ತು, ಅದು ಕೈಗೂಡಲಿಲ್ಲ. ಅಪ್ಪನೇ ಬ್ರೂಯಿಂಗ್ ಓದು ಎಂದರು. ಎಪ್ಪತ್ತರ ದಶಕದಲ್ಲಿ ಒಬ್ಬ ಅಪ್ಪ ಮಗಳಿಗೆ ಹೀಗೆ ಹೇಳಿದ್ದು ನನಗೆ ಈಗಲೂ ಆಶ್ಚರ್ಯ. ಆಸ್ಟ್ರೇಲಿಯಾದ ಬಲ್ಲಾರಟ್‌ಗೆ ಹೋದರು. ಆ ಕೋರ್ಸಿನಲ್ಲಿದ್ದ ಹುಡುಗಿ ಇವರೊಬ್ಬರೇ, ಕೊನೆಗೆ ತರಗತಿಗೇ ಮೊದಲು ಬಂದರು. 1975ರಲ್ಲಿ ಬ್ರೂ ಮಾಸ್ಟರ್ ಆಗಿ ವಾಪಸ್ ಬಂದರು.

ಬಂದಮೇಲೆ ಬ್ರೂ ಮಾಸ್ಟರ್ ಕೆಲಸ ಸಿಗಲಿಲ್ಲ. ಕೋಲ್ಕತ್ತದಲ್ಲಿ ಸಲಹೆಗಾರರಾಗಿ, ಬರೋಡಾದಲ್ಲಿ ತಾಂತ್ರಿಕ ವ್ಯವಸ್ಥಾಪಕರಾಗಿ ದುಡಿದರು. ಸಲಹೆ ಬೇಕಿತ್ತು, ಆದರೆ ಬಿಯರ್ ಕಾರ್ಖಾನೆಯನ್ನೇ ಹೆಣ್ಣಿನ ಕೈಗೆ ಒಪ್ಪಿಸಲು ಯಾರೂ ತಯಾರಿರಲಿಲ್ಲ. ಇದು ಗಂಡಸರ ಕೆಲಸ ಎಂದರು. ಸ್ಕಾಟ್ಲೆಂಡಿನಲ್ಲಿ ಕೆಲಸ ಹಿಡಿದು ಹೊರಟುಬಿಡುವ ಹೊತ್ತಿಗೆ ಐರ್ಲೆಂಡಿನ ಲೆಸ್ಲಿ ಆಕಿನ್‌ಕ್ಲಾಸ್ ಸಿಕ್ಕರು. ಕಾರ್ಕ್ ಊರಿನಲ್ಲಿ ಅವರದು ಬಯೋಕಾನ್ ಬಯೋಕೆಮಿಕಲ್ಸ್ ಅಂತ ಕಿಣ್ವ ತಯಾರಿಸುವ ಕಂಪನಿ. ಭಾರತದಲ್ಲಿ ಅದರ ಶಾಖೆ ತೆರೆಯಲು ಜೊತೆಗಾರರನ್ನು ಹುಡುಕುತ್ತಿದ್ದರು. ವಿದೇಶಿಯರ ಪಾಲಿಗೆ ಸರ್ಕಾರ ಮಿತಿ ಹಾಕಿದ್ದ ಕಾಲ ಅದು. ಹಾಗಾಗಿ ಶೇ 70 ಇವರದು, ಶೇ 30 ಅವರದು ಎಂದಾಯಿತು.

ಈಗ ಗ್ಯಾರೇಜಿನ ಒಳಗೆ ಹೋಗೋಣ. ಮೊದಲು ಮಾಡಿದ ಸರಕು ಎರಡು. ಒಂದು ಪರಂಗಿ ಹಾಲಿನ ಪಪೈನ್. ಇನ್ನೊಂದು ಐಸಿಂಗ್ಲಾಸ್, ಅಂದರೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವನ್ನು ಒಣಗಿಸಿ ಮಾಡುವ ವಸ್ತು. ಎರಡನ್ನೂ ಕೊಳ್ಳುತ್ತಿದ್ದವರು ಯಾರು ಗೊತ್ತಾ? ಬಿಯರ್ ಮಾಡುವವರು. ಬಿಯರನ್ನು ತಣ್ಣಗೆ ಮಾಡಿದರೆ ಅದರಲ್ಲಿರುವ ಪ್ರೋಟೀನು ಒಗರಿನ ಅಂಶದ ಜೊತೆ ಸೇರಿ ಮಬ್ಬು ಕಟ್ಟುತ್ತದೆ. ಪಪೈನ್ ಆ ಪ್ರೋಟೀನನ್ನು ಕತ್ತರಿಸಿಹಾಕುತ್ತದೆ. ಐಸಿಂಗ್ಲಾಸ್ ತೇಲುತ್ತಿರುವ ಈಸ್ಟನ್ನೆಲ್ಲ ಹಿಡಿದು ತಳಕ್ಕೆ ಕೂರಿಸುತ್ತದೆ. ಅಂತೂ ಬಿಯರ್ ತಿಳಿಯಾಗಬೇಕು. ಯಾವ ಕಾರ್ಖಾನೆಗಳ ಒಳಗೆ ಅವರನ್ನು ಬ್ರೂ ಮಾಸ್ಟರ್ ಆಗಿ ಬಿಡಲಿಲ್ಲವೋ ಅಂಥವುಗಳಿಗೆ ಏನು ಬೇಕು, ಎಷ್ಟು ಶುದ್ಧ ಇರಬೇಕು, ಎಲ್ಲಿ ತೊಂದರೆ ಕೊಡುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಓದಿದ್ದೇ ಅದನ್ನಲ್ವಾ. ಒಂದು ವರ್ಷದೊಳಗೆ ಅಮೆರಿಕ, ಯುರೋಪಿಗೆ ಕಿಣ್ವ ರಫ್ತು ಮಾಡಿದರು. ಭಾರತದ ಯಾವ ಕಂಪನಿಯೂ ಅದಕ್ಕೆ ಮುಂಚೆ ಹಾಗೆ ಮಾಡಿರಲಿಲ್ಲ. ಮೊದಲ ವರ್ಷದ ಗಳಿಕೆಯಲ್ಲೇ 20 ಎಕರೆ ಜಾಗ ಕೊಂಡರು.

ಬಿಯರ್ ಅನ್ನುವ ಮಾತನ್ನು ತೆಗೆದರೆ ಈ ಕಥೆಯಲ್ಲಿ ಉಳಿಯುವುದು ಹತ್ತು ಸಾವಿರ ರೂಪಾಯಿ ಮತ್ತು ಗಟ್ಟಿ ಮನಸ್ಸು. ನಮ್ಮ ಹುಡುಗಿಯರು ಅದನ್ನು ಕೇಳಿಸಿಕೊಂಡು ಏನು ಮಾಡಬೇಕು? ಗಟ್ಟಿ ಮನಸ್ಸು ಅವರಲ್ಲಿ ಬೇಕಾದಷ್ಟಿದೆ. ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆದು, ಎರಡು ಬಸ್ಸು ಬದಲಿಸಿ ಕಾಲೇಜಿಗೆ ಬರುವವರು ಅವರು. ಒಂದು ಕೆಲಸವನ್ನು ಬುಡದಿಂದ ಕಲಿತವರಿಗೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಬಾಗಿಲು ಎಲ್ಲಿದೆ ಎಂದು ಕಾಣುತ್ತದೆ. ನಾನು ಅವರಿಗೆ ಹೇಳಬೇಕಿದ್ದದ್ದು ಇದು. ಹೇಳದೇ ಇದ್ದದ್ದಕ್ಕೆ ನನಗೆ ನಿಜವಾಗಿ ಬೇಜಾರಿದೆ.

ಬೂಸಾದ ಮೇಲಿನ ಬೂಷ್ಟು

ಗ್ಯಾರೇಜಿನಿಂದ ನೇರ ಷೇರು ಮಾರುಕಟ್ಟೆಗೆ ಹಾರುವುದು ಎಲ್ಲರ ರೂಢಿ. 2004ರಲ್ಲಿ ಷೇರು ಬಿಟ್ಟಾಗ 30 ಪಟ್ಟಿಗೂ ಜಾಸ್ತಿ ಬೇಡಿಕೆ ಬಂತು, ಮೊದಲ ದಿನವೇ ಕಂಪನಿಯ ಬೆಲೆ 100 ಕೋಟಿ ಡಾಲರ್ ದಾಟಿತು. ನಡುವೆ 26 ವರ್ಷ ಇದೆ. ನನಗೆ ಅತ್ಯಂತ ಇಷ್ಟವಾದ ಭಾಗ ಅಲ್ಲೇ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಎಂಬತ್ತರ ದಶಕದಲ್ಲಿ ಅವರು ಗಿಡ, ಮೀನಿನಿಂದ ಕಿಣ್ವ ತೆಗೆಯುವುದರ ಜೊತೆಗೆ ಸೂಕ್ಷ್ಮಜೀವಿಗಳಿಂದ ಕಿಣ್ವ ಬೆಳೆಸುವ ಕಡೆ ತಿರುಗಿದರು. ಅದರಲ್ಲಿ ಒಂದು ದಾರಿ ಗಟ್ಟಿ ಪದಾರ್ಥದ ಮೇಲೆ ಬೂಷ್ಟು ಬೆಳೆಸುವುದು. ಜಪಾನಿನವರು ಸೋಯಾ ಸಾಸ್‌ಗೆ ಬಳಸುವ ಹಳೇ ವಿದ್ಯೆ. ಬೇಯಿಸಿದ ಗೋಧಿ ಬೂಸಾವನ್ನು ತೇವ ಮಾಡಿ ತಟ್ಟೆಗಳಲ್ಲಿ ಹರಡಿ ಬೂಷ್ಟಿನ ಬೀಜ ಉದುರಿಸಿದರೆ ಒಂದೆರಡು ದಿನದಲ್ಲಿ ಬಿಳಿ ಹತ್ತಿಯ ಹಾಗೆ ಹಬ್ಬುತ್ತದೆ. ಹಬ್ಬುತ್ತಾ ಕಿಣ್ವ ಬಿಡುತ್ತದೆ. ಕೇಳಲು ಸುಲಭ. ಆದರೆ ಬೆಳೆಯುವಾಗ ಬೂಸಾ ಒಳಗಿಂದ ಬಿಸಿಯಾಗುತ್ತದೆ, ಆ ಬಿಸಿ ಹೊರಗೆ ಹೋಗದಿದ್ದರೆ ಬೂಷ್ಟೇ ಸಾಯುತ್ತದೆ. ತೇವ ಜಾಸ್ತಿಯಾದರೆ ಬೇರೆ ಕ್ರಿಮಿ ಸೇರಿಕೊಳ್ಳುತ್ತದೆ. ನಮ್ಮ ಲ್ಯಾಬಿನಲ್ಲಿ ನಾಲ್ಕು ತಟ್ಟೆ ಇಟ್ಟರೆ ಎರಡು ಕೆಡುತ್ತವೆ. ಅದನ್ನು ಕಾರ್ಖಾನೆ ಮಟ್ಟಕ್ಕೆ ಏರಿಸುವುದು ಎಷ್ಟು ಕಷ್ಟ ಅನ್ನುವುದು ಆ ತಟ್ಟೆಗಳ ಮುಂದೆ ರಾತ್ರಿ ಕೂತವರಿಗೆ ಮಾತ್ರ ಗೊತ್ತು. 1987ರಲ್ಲಿ ಐಸಿಐಸಿಐನ ನಾರಾಯಣನ್ ವಾಘುಲ್ ಇದಕ್ಕೆ 2.5 ಲಕ್ಷ ಡಾಲರಿನ ಸಾಹಸ ಬಂಡವಾಳ ಸಿಗುವಂತೆ ನಿಂತರು. ಬಯೋಟೆಕ್ನಾಲಜಿ ಎಂಬ ಮಾತೇ ಹೆಚ್ಚಿನವರಿಗೆ ಹೊಸತಾಗಿದ್ದ ಕಾಲದಲ್ಲಿ ಒಬ್ಬ ಬ್ಯಾಂಕರ್ ಬೂಸಾದ ಮೇಲಿನ ಬೂಷ್ಟನ್ನು ನಂಬಿದರು.

ಅದೇ ಹೊತ್ತಿಗೆ ಐರ್ಲೆಂಡಿನ ಮೂಲ ಕಂಪನಿ 1989ರಲ್ಲಿ ಯೂನಿಲಿವರ್ ಪಾಲಾಯಿತು, ಅಲ್ಲಿಂದ 1997ರಲ್ಲಿ ಬ್ರಿಟನ್ನಿನ ರಾಸಾಯನಿಕ ಕಂಪನಿ ಐಸಿಐ ಕೈಗೆ ಹೋಯಿತು. ಮರುವರ್ಷ ಕಿರಣ್ ಅವರನ್ನು ಮದುವೆಯಾದ ಜಾನ್ ಷಾ ತಮ್ಮ ಸ್ವಂತ ದುಡ್ಡು ಹೊಂದಿಸಿ ಐಸಿಐನಿಂದ ಇಲ್ಲಿನ ಬಯೋಕಾನಿನ ಉಳಿದ ಷೇರುಗಳನ್ನು 20 ಲಕ್ಷ ಡಾಲರಿಗೆ ಬಿಡಿಸಿಕೊಂಡರು. ಆಮೇಲೆ ಕಂಪನಿ ಔಷಧದ ಕಡೆ ಹೊರಳಿತು. ಕೊಲೆಸ್ಟ್ರಾಲ್ ಇಳಿಸುವ ಲೋವಾಸ್ಟಾಟಿನ್ ಮೊದಲು ಬಂತು, 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆಯೂ ಸಿಕ್ಕಿತು. ಎನ್‌ಝೈಮ್ ಬಿಟ್ಟು ಔಷಧಕ್ಕೆ ಹಾರಿದರು ಎಂದು ಜನ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಲೋವಾಸ್ಟಾಟಿನ್ ಮಾಡುವುದೂ ಒಂದು ಬೂಷ್ಟೇ. ಟ್ಯಾಂಕು ಅದೇ, ಗಾಳಿ ಊದುವುದು ಅದೇ, ಬಿಸಿ ಕಾಯುವುದು ಅದೇ. ಒಲೆ ಒಂದೇ, ಅಡುಗೆ ಬೇರೆ. ಕೊನೆಗೆ 2007ರಲ್ಲಿ ಕಿಣ್ವದ ವ್ಯಾಪಾರವನ್ನೇ ಡೆನ್ಮಾರ್ಕಿನ ನೋವೋಜೈಮ್ಸ್‌ಗೆ 11.5 ಕೋಟಿ ಡಾಲರಿಗೆ ಮಾರಿದರು. ಪರಂಗಿ ಹಾಲಿನ ಕಾಲ ಅಲ್ಲಿಗೆ ಮುಗಿಯಿತು. ಅದನ್ನು ಓದಿದಾಗ ನನ್ನ ಮನಸ್ಸಿಗೆ ಏನೋ ಒಂಥರಾ ಆಯಿತು.

ಅಮ್ಮನ ಸೀಸೆ

ನಮ್ಮಮ್ಮನಿಗೆ ಸಕ್ಕರೆ ಕಾಯಿಲೆ. ಫ್ರಿಜ್ಜಿನ ಬಾಗಿಲಲ್ಲಿ, ಬೆಣ್ಣೆ ಇಡುವ ಗೂಡಿನಲ್ಲಿ ಇನ್ಸುಲಿನ್ ಸೀಸೆ ಇರುತ್ತದೆ. ಬೆಳಗ್ಗೆ ಅದನ್ನು ತೆಗೆದು ಎರಡು ಅಂಗೈ ನಡುವೆ ಇಟ್ಟು ನಿಧಾನ ಉರುಳಿಸಿ, ಕೆಂಪು ಟೋಪಿಯ ಸಿರಿಂಜಿಗೆ ಹದಿನೆಂಟು ಗೆರೆವರೆಗೆ ಎಳೆಯುವುದು ನನ್ನ ಕೆಲಸ. ಅಮ್ಮ ಸೆರಗು ಸರಿಸಿ ಹೊಟ್ಟೆಯ ಚರ್ಮ ಹಿಡಿದು ಕೊಡುತ್ತಾರೆ. ಒಂದು ದಿನ ಕೇಳಿದರು: "ಇದನ್ನ ಹಂದಿಯಿಂದ ಮಾಡ್ತಾರಂತೆ, ಹೌದೇನೇ? ಪಕ್ಕದ ಮನೆಯವರು ಹೇಳಿದ್ರು." ಒಂದು ಕಾಲಕ್ಕೆ ಹೌದು. ಹಂದಿ, ದನಗಳ ಮೇದೋಜ್ಜೀರಕ ಗ್ರಂಥಿಯಿಂದಲೇ ತೆಗೆಯುತ್ತಿದ್ದರು. 1982ರಲ್ಲಿ ಬ್ಯಾಕ್ಟೀರಿಯಾದಿಂದ ಮಾಡಿದ ಮನುಷ್ಯರ ಇನ್ಸುಲಿನ್ ಅಮೆರಿಕದಲ್ಲಿ ಬಂತು. ಬಯೋಕಾನ್ 2004ರಲ್ಲಿ ಇನ್ಸುಜೆನ್ ತಂದಾಗ ಹಿಡಿದದ್ದು ಈಸ್ಟಿನ ದಾರಿ, ಪಿಕಿಯಾ ಅನ್ನುವ ಈಸ್ಟು.

ಅಮ್ಮನಿಗೆ ಇದನ್ನೆಲ್ಲ ಹೇಗೆ ಹೇಳುವುದು? "ಹಂದಿ ಅಲ್ಲ ಅಮ್ಮ. ಈಸ್ಟು. ಅದರೊಳಗೆ ಇನ್ಸುಲಿನ್ ಮಾಡೋ ಪಾಠ ಸೇರಿಸಿರ್ತಾರೆ. ದೊಡ್ಡ ಟ್ಯಾಂಕಲ್ಲಿ ಬೆಳೆಸ್ತಾರೆ. ಅದು ಬೆಳೀತಾ ಬೆಳೀತಾ ಇನ್ಸುಲಿನ್ನಿನ ಕಚ್ಚಾ ರೂಪ ಹೊರಗೆ ಬಿಡುತ್ತೆ. ಆಮೇಲೆ ಸೋಸಿ ಶುದ್ಧ ಮಾಡಿ, ಬೇಡದ ತುಂಡು ಕತ್ತರಿಸಿ ತೆಗೆದು ಸೀಸೆಗೆ ತುಂಬ್ತಾರೆ" ಅಂದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ದೋಸೆ ಹಿಟ್ಟು ಉಕ್ಕಿ ಬರೋ ಹಾಗೆ" ಎಂದರು. ಹೌದಮ್ಮ, ಹಾಗೇ ಅಂದೆ. ಆ ಕತ್ತರಿಸುವ ಕೆಲಸಕ್ಕೂ ಒಂದು ಕಿಣ್ವವೇ ಬೇಕು. ಬಿಯರ್ ಕಲಿತ ಹುಡುಗಿ ಈಸ್ಟನ್ನೂ ಬಿಡಲಿಲ್ಲ, ಕಿಣ್ವವನ್ನೂ ಬಿಡಲಿಲ್ಲ.

ಇನ್ನೊಂದು ದಿನ ಅಮ್ಮ, "ಮಾತ್ರೆಯಲ್ಲಿ ಬರೋದಿಲ್ವಾ ಇದು? ದಿನಾ ಚುಚ್ಚಿಸ್ಕೊಂಡು ಸಾಕಾಯ್ತು" ಎಂದರು. ಇನ್ಸುಲಿನ್ ಒಂದು ಪ್ರೋಟೀನು. ನುಂಗಿದರೆ ಪಪೈನ್ ಬಿಯರಿನ ಪ್ರೋಟೀನಿಗೆ ಏನು ಮಾಡುತ್ತದೋ ಅದನ್ನೇ ನಮ್ಮ ಹೊಟ್ಟೆಯ ಕಿಣ್ವಗಳು ಇನ್ಸುಲಿನ್ನಿಗೆ ಮಾಡುತ್ತವೆ. ಬಯೋಕಾನ್ ಇದಕ್ಕೂ ಕೈ ಹಾಕಿತ್ತು. ನುಂಗುವ ಇನ್ಸುಲಿನ್ ಮೇಲೆ ವರ್ಷಗಟ್ಟಲೆ ದುಡಿದರು. 2011ರ ಜನವರಿಯಲ್ಲಿ ಮೂರನೇ ಹಂತದ ಪ್ರಯೋಗದ ಫಲಿತಾಂಶ ಬಂತು, ಮುಖ್ಯ ಗುರಿ ಮುಟ್ಟಿರಲಿಲ್ಲ. ಅದರ ಹಿಂದಿನ ವರ್ಷವಷ್ಟೇ ಫೈಝರ್ ಜೊತೆ 35 ಕೋಟಿ ಡಾಲರಿನ ಇನ್ಸುಲಿನ್ ಒಪ್ಪಂದ ಆಗಿತ್ತು, 2012ರ ಮಾರ್ಚಿನಲ್ಲಿ ಅದೂ ಮುರಿಯಿತು. ನನ್ನ ಹತ್ತು ನಿಮಿಷದ ಭಾಷಣದಲ್ಲಿ ಈ ಎರಡು ಏಟಿಗೂ ಜಾಗವಿರಲಿಲ್ಲ. ಆಮೇಲೂ ಅವರು ಇನ್ಸುಲಿನ್ ಬಿಡಲಿಲ್ಲ. 2021ರಲ್ಲಿ ಅವರ ಗ್ಲಾರ್ಜಿನ್ ಇನ್ಸುಲಿನ್ನಿಗೆ ಅಮೆರಿಕದಲ್ಲಿ ಹೊಸ ಬಗೆಯ ಒಪ್ಪಿಗೆ ಸಿಕ್ಕಿತು. ಮೂಲ ಬ್ರ್ಯಾಂಡಿನ ಬದಲು ಔಷಧದಂಗಡಿಯವರೇ ಇದನ್ನು ಕೊಡಬಹುದು. ಬಯೋಸಿಮಿಲರ್ ಒಂದಕ್ಕೆ, ಅಂದರೆ ಮೂಲ ಜೈವಿಕ ಔಷಧವನ್ನು ಹೋಲುವಂತೆ ಬೇರೆಯವರು ಮಾಡಿದ ಔಷಧಕ್ಕೆ, ಅಂಥ ಒಪ್ಪಿಗೆ ಸಿಕ್ಕಿದ್ದು ಅದೇ ಮೊದಲು.

ಕ್ಯಾನ್ಸರ್ ಔಷಧ, ದೇವಿ ಶೆಟ್ಟಿಯವರ ಜೊತೆ ಬೊಮ್ಮಸಂದ್ರದಲ್ಲಿ ಕಟ್ಟಿದ ಕ್ಯಾನ್ಸರ್ ಆಸ್ಪತ್ರೆ, ಅದರ ಬಗ್ಗೆಯೂ ಬರೆಯಬಹುದು. ಅದು ಇನ್ನೊಂದು ದಿನಕ್ಕೆ ಇರಲಿ. ನನ್ನನ್ನು ಕಾಡಿದ ಪ್ರಶ್ನೆ ಗ್ಯಾರೇಜಿನದು.

ಆ ಹುಡುಗಿಗೆ ಆಮೇಲೆ ಹೇಳ್ತೀನಿ ಅಂದಿದ್ದೆನಲ್ಲ. ಮುಂದಿನ ವಾರ ಮನೆ ಹಿಂದಿನ ಮರದಿಂದ ಒಂದು ಬಲಿತ ಪರಂಗಿ ಕಾಯಿ ಕಿತ್ತು ಚೀಲದಲ್ಲಿ ಹಾಕಿಕೊಂಡು ಹೋದೆ. ಜೊತೆಗೆ ಒಂದು ಬಿದಿರಿನ ಚಕ್ಕೆ, ಅರ್ಧ ಲೀಟರ್ ಹಾಲು. ಲ್ಯಾಬಿನಲ್ಲಿ ಅವಳ ಬ್ಯಾಚಿನ ಹನ್ನೆರಡು ಜನ ಇದ್ದರು. ಗ್ಲೌಸ್ ಹಾಕ್ಕೊಳ್ಳಿ, ಕೈ ಉರಿಯುತ್ತೆ ಅಂದೆ. ಬಿಯರಿನಿಂದಲೇ ಶುರುಮಾಡಿ ಎಲ್ಲಾ ಹೇಳಿದೆ, ಅಪ್ಪನ ಕೆಲಸ, ಬಲ್ಲಾರಟ್, ಮುಚ್ಚಿದ ಬಾಗಿಲು. ಯಾರೂ ನಗಲಿಲ್ಲ. ಚಕ್ಕೆಯನ್ನು ಅವಳ ಕೈಗೇ ಕೊಟ್ಟೆ. ಮೊದಲ ಗೀರು ತೀರಾ ಮೆಲ್ಲಗಾಯಿತು. ಎರಡನೆಯದಕ್ಕೆ ಹಾಲು ಕಂಡಿತು. ಆರು ಹನಿ ಹಿಡಿದು ನೀರಲ್ಲಿ ಕದಡಿ, ಬೆಚ್ಚಗಿನ ಹಾಲಿದ್ದ ಟೆಸ್ಟ್ ಟ್ಯೂಬಿಗೆ ಬಿಟ್ಟಳು. ಪಕ್ಕದಲ್ಲಿ ಏನೂ ಬೆರೆಸದ ಇನ್ನೊಂದು ಟ್ಯೂಬು. ಎಲ್ಲರೂ ಬಗ್ಗಿ ನೋಡುತ್ತಾ ನಿಂತರು. ನಾಲ್ಕೈದು ನಿಮಿಷಕ್ಕೆ ಗಾಜಿನ ಗೋಡೆಗೆ ಸಣ್ಣ ಸಣ್ಣ ಕಣ ಅಂಟತೊಡಗಿತು, ಹಾಲು ಒಡೆಯಿತು. ಅವಳು ಟ್ಯೂಬನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. "ಇದನ್ನ ಒಣಗಿಸಿ ಇಟ್ರೆ ಎಷ್ಟು ದಿನ ಕೆಲಸ ಮಾಡುತ್ತೆ ಮಿಸ್?" ಎಂದಳು. ಒಣಗಿಸಿ ನೋಡು ಅಂದೆ. ಅವಳು ಡ್ರಾಯರಿನಿಂದ ಮೂರು ಪೆಟ್ರಿ ತಟ್ಟೆ ತೆಗೆದು, ಒಂದರ ಮೇಲೆ ಬಿಸಿಲು, ಒಂದರ ಮೇಲೆ ನೆರಳು, ಮೂರನೆಯದರ ಮೇಲೆ ಓವನ್ ಎಂದು ಬರೆದು, ಮತ್ತೆ ಕಾಯಿಯ ಕಡೆ ತಿರುಗಿದಳು.